ಗಾಯವಿಲ್ಲದ ಹೆಬ್ಬೆರಳು

ಬಕೆಟ್ಟು ಬೆಚ್ಚಗಾಗುತ್ತಿತ್ತು.

ಅದು ತನ್ನ ಮೈಕಾವೇ ಇರಬೇಕೆಂದು ಬೆರಳಕ್ಕ ಮೊದಲು ಅಂದುಕೊಂಡಳು. ಎರಡೂ ಕೈಗಳನ್ನು ಮಣಿಕಟ್ಟು ದಾಟಿ ಮುಳುಗಿಸಿ, ಮೋಟು ಸ್ಟೂಲಿನ ಮೇಲೆ ಬಗ್ಗಿ ಕೂತು ಕಾಲು ಗಂಟೆಯಾಗಿತ್ತು. ಒಳಗಿರುವುದು ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆಯುವ ಪುಡಿ, ತಣ್ಣಗೇ ಇರುತ್ತದೆ, ರಬ್ಬರಿನಂತೆ ಬಿಗಿಯುತ್ತದೆ, ಎಳೆದರೆ ಕೈ ಪುಳಕ್ಕನೆ ಹೊರಗೆ ಬರುತ್ತದೆ ಎಂದು ಡ್ರಾಯಿಂಗ್ ಮೇಷ್ಟ್ರು ಹೇಳಿದ್ದರು.

ಕಿರುಬೆರಳು ಅಲ್ಲಾಡಿಸಲು ನೋಡಿದಳು. ಅಲ್ಲಾಡಲಿಲ್ಲ. ಕೈ ಎಳೆದಳು. ಬಕೆಟ್ಟು ಅರ್ಧ ಇಂಚು ಸರಿಯಿತು, ಕೈ ಸರಿಯಲಿಲ್ಲ.

ರಬ್ಬರು ಬಿಸಿಯಾಗುವುದಿಲ್ಲ. ಬಿಸಿಯಾಗುವುದು ಪ್ಲಾಸ್ಟರು.

ಪೊಲೀಸ್ ಇಲಾಖೆಯ ಬೆರಳುಮುದ್ರೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು ಅವಳು. ಕಳ್ಳರ ಹೆಜ್ಜೆಗುರುತಿನೊಳಗೆ ಅದೆಷ್ಟು ಬೋಗುಣಿ ಪ್ಲಾಸ್ಟರು ಹುಯ್ದಿದ್ದಳೋ ಲೆಕ್ಕವಿಲ್ಲ. ಮೊದಲು ಬಿಗಿಯುತ್ತದೆ, ಆಮೇಲೆ ಕಾಯುತ್ತದೆ. ಬಕೆಟ್ಟು ತುಂಬ ಇದ್ದರೆ ಒಳಗಿನ ಚರ್ಮ ಬೇಯುವಷ್ಟು ಕಾಯುತ್ತದೆ. ಮೇಷ್ಟ್ರು ಕೈಗೆ ಧಾರಾಳವಾಗಿ ವ್ಯಾಸಲೀನ್ ಬಳಿದಾಗಲೇ ತಿಳಿಯಬೇಕಿತ್ತು, ಆ ರಬ್ಬರಿಗೆ ಜಿಡ್ಡು ಬೇಕಿಲ್ಲ ಎಂದು. ಆದರೆ ಆಗ ಅವಳ ಕಣ್ಣು ತನ್ನ ಕೈಯ ಮೇಲಿರಲಿಲ್ಲ, ಗೋಡೆಯ ಮೇಲಿತ್ತು.

ಗೋಡೆಯ ತುಂಬ ಕೈಗಳು. ಬಿಳಿ ಕೈಗಳು, ಮುನ್ನೂರಾದರೂ ಇದ್ದಾವು. ಚೆಂಡು ಹಿಡಿದ ಕೈ, ಮುಷ್ಟಿ ಕಟ್ಟಿದ ಕೈ, ಮಗುವಿನ ಬೆರಳು ಹಿಡಿದ ಮುದುಕಿಯ ಕೈ.

"ಮೇಷ್ಟ್ರೇ, ಇದು ಬಿಸಿಯಾಗ್ತಿದೆ" ಎಂದಳು.

"ಆಗುತ್ತೆ" ಎಂದರು ಮೇಷ್ಟ್ರು.

ಅವರು ಎದ್ದು ಹೋಗಿ ರೋಲಿಂಗ್ ಷಟರನ್ನು ನೆಲದವರೆಗೆ ಎಳೆದರು. ಹಳೆಯ ಉಗ್ರಾಣವದು, ಕ್ರೀಡಾಂಗಣದ ಹಿಂಭಾಗದಲ್ಲಿ. ಇದ್ದದ್ದು ಅದೊಂದೇ ಬಾಗಿಲು. ಕಿಟಕಿಗಳು ಸೂರಿನ ಹತ್ತಿರ, ಜಾಲರಿ ಬಡಿದವು. ಮಧ್ಯಾಹ್ನ ಹನ್ನೆರಡರ ಬಿಸಿಲು ಆ ಜಾಲರಿಯಿಂದ ಜರಡಿ ಹಿಡಿದ ಹಿಟ್ಟಿನಂತೆ ಕೆಳಗೆ ಉದುರುತ್ತಿತ್ತು.

ಒಂಬತ್ತು ದಿನಗಳಿಂದ ಕಾಣೆಯಾಗಿದ್ದ ವೆಲ್ಡರನನ್ನು ಹುಡುಕಿಕೊಡಿ ಎಂದು ಅವನ ತಂಗಿ, ಬಟ್ಟೆ ಹೊಲಿಯುವ ಹುಡುಗಿ, ಬೆರಳಕ್ಕನ ಮನೆಗೆ ಬಂದು ಅತ್ತಿದ್ದಳು. ಆ ಜಾಡು ಅವಳನ್ನು ಇಲ್ಲಿಗೆ ತಂದಿತ್ತು.

ಮೇಷ್ಟ್ರು ಎದುರಿನ ಡಬ್ಬದ ಮೇಲೆ ಕೂತರು. ಎಪ್ಪತ್ತು ದಾಟಿದ ಮನುಷ್ಯ. ಊರಿನ ಅರ್ಧ ಜನ ಅವರ ಕೈಕೆಳಗೆ ಕಲಿತವರು, ಬೆರಳಕ್ಕನೂ. ಆರನೇ ತರಗತಿಯಲ್ಲಿ ಅವಳು ಬರೆದ ಕುದುರೆಯನ್ನು ನೋಡಿ "ಪರವಾಗಿಲ್ಲ, ಕತ್ತೆ ಚೆನ್ನಾಗಿ ಬಂದಿದೆ" ಅಂದಿದ್ದರು. ಈಗ ಅವರ ಮುಖದಲ್ಲಿ ಆ ತಮಾಷೆಯ ಚೂರೂ ಇರಲಿಲ್ಲ.

"ಕೈ ಹಾಕೋಕೆ ಬಂದವಳು ಗೋಡೆ ನೋಡ್ತಾ ಕೂತಿದ್ದೆ" ಎಂದರು. "ಯಾರ ಕೈ ಹುಡುಕ್ತಿದ್ದೆ?"

"ನಿಮಗೆ ಗೊತ್ತು."

"ನಿನ್ನ ಬಾಯಲ್ಲಿ ಕೇಳಬೇಕು."

"ವೆಲ್ಡರಂದು."

ಮೇಷ್ಟ್ರು ತಲೆ ತಗ್ಗಿಸಿದರು. ಉಗ್ರಾಣದ ಹಿಂದೆ ಹಲಗೆ ಹೊಡೆದು ಮಾಡಿದ ಒಂದು ಸಣ್ಣ ಕೋಣೆಯಿತ್ತು. ಅದರ ಬಾಗಿಲ ಕಡೆಗೆ ಅವರ ಕಣ್ಣು ಒಮ್ಮೆ ಹೋಗಿ ಬಂತು. ಬೆರಳಕ್ಕ ಅದನ್ನು ಗಮನಿಸಿದಳು.

ಕೈ ಸಿಕ್ಕಿಬಿದ್ದಿದೆ, ಇನ್ನು ಬಾಯೊಂದೇ ಗತಿ.

"ಮೇಷ್ಟ್ರೇ, ಎಲ್ಲಾ ಹೇಳ್ತೀನಿ, ಕೇಳಿ. ಕ್ರೀಡಾಕೂಟಕ್ಕೆ ಊರಿನ ಕಲಾಕೃತಿ ಮಾಡೋಕೆ ನಲವತ್ಮೂರು ಪ್ರಸ್ತಾವ ಬಂದಿದ್ವು."

"ಗೊತ್ತು. ಒಬ್ಬ ನಗೋ ಫುಟ್‌ಬಾಲ್ ಮಾಡ್ತೀನಿ ಅಂದಿದ್ದ. ಹಲ್ಲೂ ಇಟ್ಟಿದ್ದ ಅದಕ್ಕೆ."

"ಕೊನೆಗೆ ಉಳಿದಿದ್ದು ಎರಡು. ಸಾವಿರ ಜನರ ಕೈಗಳನ್ನ ಕ್ರೀಡಾಂಗಣದ ಕಾಂಪೌಂಡಿಗೆ ಕೂರಿಸೋ ನಿಮ್ಮ ಗೋಡೆ. ಗುಜರಿ ಸೈಕಲ್‌ಗಳಿಂದ ವೆಲ್ಡರ್ ಮಾಡಬೇಕು ಅಂತಿದ್ದ ನಲವತ್ತಡಿ ಓಟಗಾರ್ತಿ. ಅವನದ್ದೇ ಗೆಲ್ಲುತ್ತೆ ಅಂತ ಊರೆಲ್ಲಾ ಮಾತಾಡ್ತಿತ್ತು. ಅಷ್ಟರಲ್ಲಿ ಅವನು ಮಾಯ. ಮಾರನೇ ದಿನ ಕಮಿಟಿಗೆ ಒಂದು ಕಾಗದ ಬಂತು, ನನ್ನ ಪ್ರಸ್ತಾವ ವಾಪಸ್ ತಗೊಳ್ತೀನಿ ಅಂತ. ಅವನಿಗೆ ಓದು ಬರಹ ಬರಲ್ಲ, ಎಡ ಹೆಬ್ಬೆಟ್ಟು ಒತ್ತಿದ್ದ."

"ಅವನದ್ದೇ ಹೆಬ್ಬೆಟ್ಟಾ?"

"ಗೆರೆ ಗೆರೆ ಅವನದ್ದೇ. ಅದಕ್ಕೇ ಪೊಲೀಸಿನವರು ಫೈಲ್ ಮುಚ್ಚಿದ್ರು."

ಬಿಸಿ ಈಗ ಬೆಚ್ಚಗಿನ ಹಂತ ದಾಟಿತ್ತು. ಕಾದ ಪಾತ್ರೆಯನ್ನು ಬಟ್ಟೆ ಹಿಡಿಯದೆ ಎತ್ತಿಕೊಂಡಂತೆ. ಎಲ್ಲಿ ಇಳಿಸಲೂ ಜಾಗವಿಲ್ಲ. ಅವಳು ಹಲ್ಲು ಕಚ್ಚಿ ಮುಂದುವರಿಸಿದಳು.

"ಕಾಗದದಲ್ಲಿ ಮಂಗಳವಾರದ ತಾರೀಕಿತ್ತು. ಸೋಮವಾರ ಬೆಳಿಗ್ಗೆ ಅವನ ಎಡ ಹೆಬ್ಬೆರಳು ಅಡ್ಡಕ್ಕೆ ಸೀಳಿತ್ತು. ತುಕ್ಕು ಹಿಡಿದ ತಗಡು ತಾಗಿದ್ದು. ತಂಗಿ ಕೈಯಲ್ಲೇ ಬಟ್ಟೆ ಕಟ್ಟಿಸ್ಕೊಂಡು ಹೊರಗೆ ಹೋದವನು ವಾಪಸ್ ಬರಲಿಲ್ಲ. ಹಾಗಿದ್ರೆ ಮಂಗಳವಾರ ಒತ್ತಿದ ಹೆಬ್ಬೆಟ್ಟಿನಲ್ಲಿ ಆ ಸೀಳು ಕಾಣಬೇಕಾಗಿತ್ತು. ಕಾಣಲಿಲ್ಲ. ಗಾಯವೇ ಇಲ್ಲದ ಹೆಬ್ಬೆರಳು. ಅದರ ಬದಲು, ನಡುವೆ ಒಂದು ಬಿಳಿ ಚುಕ್ಕೆ. ಸಾಸಿವೆಗಿಂತ ಸಣ್ಣದು, ದುಂಡಗೆ. ಮನುಷ್ಯರ ಚರ್ಮದಲ್ಲಿ ಅಂಥ ಚುಕ್ಕೆ ಇರಲ್ಲ."

ಮೇಷ್ಟ್ರ ಮುಖ ಮೇಲೆದ್ದಿತು.

"ಗಾಳಿಗುಳ್ಳೆ" ಎಂದರು ಮೆಲ್ಲಗೆ. "ಅಚ್ಚು ಹುಯ್ಯೋವಾಗ ಉಳಿಯುತ್ತೆ."

"ಹೌದು. ಅವನ ಹೆಬ್ಬೆರಳಲ್ಲ, ಅವನ ಹೆಬ್ಬೆರಳಿನ ಅಚ್ಚು. ಈ ಊರಲ್ಲಿ ಜನರ ಕೈ ಅಚ್ಚು ಹಾಕೋರು ಒಬ್ಬರೇ."

ಹೇಳಿಬಿಟ್ಟಿದ್ದಳು. ಹೇಳಿದ ಮೇಲೆ ಭಯ ನಿಧಾನವಾಗಿ ಏರತೊಡಗಿತು. ಅರವತ್ತೊಂದರ ವಯಸ್ಸು, ಮಂಡಿನೋವು, ಕೈಗಳಿಗೆ ಒಂದು ಬಕೆಟ್ಟು ಕಲ್ಲು. ಎದ್ದರೂ ನಾಲ್ಕು ಹೆಜ್ಜೆ ದಾಟಲಾರಳು. ಕೂಗಿದರೆ ಕೇಳಿಸಿಕೊಳ್ಳಲು ಹೊರಗೆ ಯಾರಿದ್ದಾರೆ? ಖಾಲಿ ಮೈದಾನ, ಬಣ್ಣ ಹಚ್ಚದ ಗ್ಯಾಲರಿಗಳು.

"ನಾನು ಇಲ್ಲಿಗೆ ಬಂದಿರೋದು ನಮ್ಮಣ್ಣನಿಗೆ ಗೊತ್ತು" ಎಂದಳು. "ಇವತ್ತು ಬೆಳಿಗ್ಗೆ ಅವನೇ ಹೇಳಿದ್ದು, ಮೇಷ್ಟ್ರ ಹತ್ರ ಒಂದ್ಸಲ ಹೋಗಿ ಬಾ ಅಂತ. ಹನ್ನೆರಡೂವರೆಗೆ ಫೋನ್ ಮಾಡ್ತೀನಿ ಅಂದಿದಾನೆ."

ಅವಳ ಅಣ್ಣ ರಸ್ತೆ ಇಲಾಖೆಯಲ್ಲಿ ದೊಡ್ಡ ಎಂಜಿನಿಯರಾಗಿದ್ದವನು. ಈಗ ಕ್ರೀಡಾಕೂಟದ ಕಲಾ ಕಮಿಟಿಯ ಕಾರ್ಯದರ್ಶಿ. ಅವನ ಹೆಸರೆತ್ತಿದರೆ ಊರಲ್ಲಿ ಕೆಲಸವಾಗುತ್ತಿತ್ತು.

ಇಲ್ಲಿಯೂ ಆಯಿತು. ಮೇಷ್ಟ್ರ ಮುಖದ ರಕ್ತವೆಲ್ಲ ಇಳಿದುಹೋಯಿತು. ಅವರು ದಡಕ್ಕನೆ ಎದ್ದರು. ಕೂತಿದ್ದ ಡಬ್ಬ ಉರುಳಿತು.

"ಅಂದ್ರೆ ನಿನ್ನನ್ನ ಅವನೇ ಕಳಿಸಿದ್ದು. ನಾನು ಅಂದುಕೊಂಡಿದ್ದು ಸರಿಯಾಗಿತ್ತು."

"ಏನಂದುಕೊಂಡಿದ್ರಿ?"

"ಬೇಟೆನಾಯಿ ಅಂತ" ಎಂದರು ಮೇಷ್ಟ್ರು. ಬೈಗುಳದ ದನಿಯಲ್ಲಿರಲಿಲ್ಲ ಅದು, ದುಃಖದಲ್ಲಿತ್ತು. "ಬೆಳಿಗ್ಗೆ ನೀನು ಮನೆಗೆ ಫೋನ್ ಮಾಡಿ, ನನ್ನ ಕೈಯನ್ನೂ ಅಚ್ಚು ಹಾಕಿ ಮೇಷ್ಟ್ರೇ ಅಂದಾಗಲೇ ಅನುಮಾನ ಬಂತು. ಬಂದವಳು ಇಡೀ ಜಾಗ ಜಾಲಾಡ್ತೀಯ ಅಂತ ಗೊತ್ತಿತ್ತು. ನಿನ್ನ ಕೈ ಕಟ್ಟಬೇಕಾಗಿತ್ತು ನನಗೆ. ಬೇರೆ ದಾರಿ ತಿಳೀಲಿಲ್ಲ."

"ಕಟ್ಟಿಲ್ಲ ಮೇಷ್ಟ್ರೇ, ಬೇಯಿಸ್ತಿದೀರಿ."

ಅವರು ಬೆಚ್ಚಿ ಬಕೆಟ್ಟಿನ ಹೊಟ್ಟೆ ಮುಟ್ಟಿ ನೋಡಿದರು. ಕೈ ಹಿಂದಕ್ಕೆಳೆದುಕೊಂಡರು. "ಅಯ್ಯೋ... ತಣ್ಣೀರಲ್ಲೇ ಕಲಸಿದ್ದೆ ಕಣಮ್ಮ. ಇಷ್ಟೊಂದು ಕಾಯುತ್ತೆ ಅಂತ..." ಮಾತು ಅರ್ಧಕ್ಕೆ ಬಿಟ್ಟು ಮೂಲೆಗೆ ಓಡಿ ಉಳಿ, ಸುತ್ತಿಗೆ, ಒಂದು ಬಿಂದಿಗೆ ನೀರು ತಂದರು. ನೀರನ್ನು ಅವಳ ಮಣಿಕಟ್ಟಿನ ಸುತ್ತ ಸುರಿದರು. ಉಸ್ಸೆಂದು ಉಸಿರೆಳೆದಳು ಬೆರಳಕ್ಕ. ಕೊಲೆಗಾರ ಹೀಗೆ ಗಾಬರಿಯಾಗುವುದಿಲ್ಲ. ಅವಳ ಲೆಕ್ಕದಲ್ಲಿ ಏನೋ ತಪ್ಪಿತ್ತು.

"ವೆಲ್ಡರನ ಕೈ ಅಚ್ಚು ಎಲ್ಲಿದೆ?" ಎಂದು ಕೇಳಿದಳು.

"ನನ್ನ ಹತ್ರ ಇಲ್ಲ. ಮಾದರಿಗೆ ಅಂತ ಹನ್ನೆರಡು ಕೈಗಳ ಒಂದು ಹಲಗೆ ಕೊಟ್ಟಿದ್ದೆನಲ್ಲ ಕಮಿಟಿಗೆ? ಎರಡು ತಿಂಗಳ ಹಿಂದೆ? ಅದರಲ್ಲಿದೆ. ಎರಡನೇ ಸಾಲು, ಮೊದಲನೇ ಕೈ."

ಎರಡು ತಿಂಗಳ ಹಿಂದೆ. ಬೆರಳಿಗೆ ಗಾಯವಾಗುವ ಎಷ್ಟೋ ಮೊದಲು.

"ಆ ಹಲಗೆ ಈಗ ಎಲ್ಲಿದೆ?"

ಕೇಳಬೇಕಾಗಿಯೇ ಇರಲಿಲ್ಲ. ಕಳೆದ ಶುಕ್ರವಾರ ವೆಲ್ಡರನ ಕಾಗದ ನೋಡಲು ಕಮಿಟಿ ಆಫೀಸಿಗೆ ಹೋದಾಗ ಅವಳೇ ಆ ಹಲಗೆಯನ್ನು ನೋಡಿದ್ದಳು. ಅಣ್ಣನ ಕುರ್ಚಿಯ ಹಿಂದೆ, ಗೋಡೆಯ ಮೇಲೆ. ಬಂದವರೆಲ್ಲ ಕೈಕುಲುಕಿ ಹೋಗಲಿ ಅಂತ ತೂಗುಹಾಕಿದೀನಿ ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು.

"ಅಣ್ಣನಿಗೇನು ಲಾಭ ಇದರಿಂದ?" ಎಂದಳು. ದನಿ ಅವಳದ್ದೇ ಅನ್ನಿಸಲಿಲ್ಲ. "ಯಾರ ಪ್ರಸ್ತಾವ ಗೆದ್ರೆ ಅವನಿಗೇನು?"

ಮೇಷ್ಟ್ರು ಉಳಿಯನ್ನು ಬಕೆಟ್ಟಿನ ಅಂಚಿಗಿಟ್ಟು ಒಂದು ಏಟು ಹಾಕಿದರು. ಬಿಳಿ ಚೂರೊಂದು ಹಾರಿತು.

"ನಾನೂ ಮೊದಲು ಹಾಗೇ ಅಂದುಕೊಂಡೆ. ನಲವತ್ತು ವರ್ಷ ಕಾದಿದೀನಿ ಕಣಮ್ಮ, ಊರಿಗೆ ಒಂದು ಕೆಲಸ ಮಾಡಿಟ್ಟು ಹೋಗಬೇಕು ಅಂತ. ನಿಮ್ಮದೇ ಆಯ್ಕೆಯಾಗುತ್ತೆ ಮೇಷ್ಟ್ರೇ ಅಂತ ನಿಮ್ಮಣ್ಣ ಬಂದು ಹೇಳಿದ ದಿನ ನಾನು ಮಕ್ಕಳ ಥರ ಅತ್ತುಬಿಟ್ಟೆ." ಇನ್ನೊಂದು ಏಟು. "ಚೆನ್ನಾಗಿದೆ ಅಂತ ಆರಿಸಿದ್ದಲ್ಲ. ನನ್ನ ಗೋಡೆಗೆ ಒಂದು ಗುದ್ದಲಿ ಮಣ್ಣೂ ಅಗೆಯೋದು ಬೇಡ, ಅದಕ್ಕೆ. ಇರೋ ಕಾಂಪೌಂಡಿಗೆ ಅಂಟಿಸೋದು ತಾನೇ? ಅವನ ಓಟಗಾರ್ತಿ ನಿಲ್ಲಬೇಕಾದ್ರೆ ಕ್ರೀಡಾಂಗಣದ ಮುಂದಿನ ಸರ್ಕಲ್‌ನಲ್ಲಿ ಒಂಬತ್ತಡಿ ಪಾಯ ತೋಡಬೇಕು."

"ಆ ಸರ್ಕಲ್ ಕಟ್ಟಿಸಿದ್ದು..."

"ನಿಮ್ಮಣ್ಣ. ಇಪ್ಪತ್ತೆರಡು ವರ್ಷದ ಹಿಂದೆ." ಮೇಷ್ಟ್ರು ಒಳಕೋಣೆಯ ಕಡೆಗೆ ತಿರುಗಿ ಕೂಗಿದರು. "ಬಾರಪ್ಪ ಈಚೆ. ಇವಳಿಗೆ ಏನೂ ಗೊತ್ತಿಲ್ಲ. ಸುಮ್ಮನೆ ಸಿಕ್ಕಿಹಾಕ್ಕೊಂಡಿದಾಳೆ, ನಮ್ಮ ಹಾಗೇ."

ಹಲಗೆಯ ಬಾಗಿಲು ತೆರೆಯಿತು.

ಬಂದವನ ಗಡ್ಡ ಬೆಳೆದಿತ್ತು. ಕಣ್ಣು ಗುಳಿಬಿದ್ದಿತ್ತು. ಎಡಗೈ ಹೆಬ್ಬೆರಳಿಗೆ ಕೊಳೆಯಾದ ಬಟ್ಟೆಯ ಸುತ್ತು, ಅದರ ಅಂಚಿನಲ್ಲಿ ಹೊಲಿಗೆ ಯಂತ್ರದ ನೀಟಾದ ಗೆರೆ. ಫೋಟೋದಲ್ಲಿ ಮಾತ್ರ ನೋಡಿದ್ದ ಮುಖ.

"ನನ್ ತಂಗಿ ಹೇಗಿದಾಳಕ್ಕಾ?" ಎಂದ ವೆಲ್ಡರ್. ಅದೇ ಅವನ ಮೊದಲ ಮಾತು.

"ಅಳ್ತಿದಾಳೆ. ಒಂದು ಮಾತು ಹೇಳಿ ಕಳಿಸಬಾರದಿತ್ತೇನೋ?"

"ಮನೆ ಮುಂದೆ ಇಬ್ರು ಕೂತೇ ಇರ್ತಾರೆ. ಅವಳಿಗೆ ಗೊತ್ತಿಲ್ದಿದ್ರೇನೇ ಅವಳಿಗೆ ಒಳ್ಳೇದು ಅನ್ಸ್ತು."

"ನಿನಗೆ ಏನಾಯ್ತು? ಎಲ್ಲ ಹೇಳು."

ಅವನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. "ಪಾಯಕ್ಕೆ ಮಣ್ಣು ಹೆಂಗಿದೆ ನೋಡೋಣ ಅಂತ ಸೋಮವಾರ ಬೆಳಕು ಹರಿಯೋ ಹೊತ್ತಿಗೆ ಸರ್ಕಲ್ ಮಧ್ಯದಲ್ಲಿ ಗುಂಡಿ ತೋಡ್ದೆ. ಐದಡಿಗೆ ಗುದ್ದಲಿ ಠಣ್ ಅಂತು. ಕಬ್ಬಿಣ. ಕೈ ಹಾಕ್ದೆ, ಹೆಬ್ಬೆರಳು ಸೀಳ್ತು. ಮನೆಗೆ ಹೋಗಿ ಬಟ್ಟೆ ಕಟ್ಟಿಸ್ಕೊಂಡು ಮತ್ತೆ ಬಂದು ತೋಡ್ದೆ. ಸ್ಕೂಟರ್ ಅಕ್ಕಾ. ಇಡೀ ಸ್ಕೂಟರ್. ಅದರ ಕೆಳಗೆ ಇನ್ನೂ ಏನೋ ಇತ್ತು, ಬಟ್ಟೆ ಥರ. ನಾನು ನೋಡ್ಲಿಲ್ಲ. ಹೆದರಿಕೆಯಾಯ್ತು. ಕಾರ್ಯದರ್ಶಿಗಳಿಗೆ ಫೋನ್ ಮಾಡ್ದೆ. ಅಲ್ಲೇ ಇರು, ಯಾರಿಗೂ ಹೇಳಬೇಡ, ಬಂದೆ ಅಂದ್ರು."

"ಬಂದ್ನಾ?"

"ಅವರು ಬರ್ಲಿಲ್ಲ. ಇಬ್ರು ಬಂದ್ರು. ಕೈಯಲ್ಲಿ ರಾಡ್ ಇತ್ತು. ಓಡ್ದೆ. ಹತ್ರದಲ್ಲಿ ತೆರೆದಿದ್ದಿದ್ದು ಮೇಷ್ಟ್ರ ಬಾಗಿಲೊಂದೇ. ಫೋನ್ ದಾರೀಲಿ ಬಿತ್ತು, ಕೈಯಲ್ಲಿ ಇದು ಉಳ್ಕೊಂಡಿತ್ತು."

ಅವನು ಗೋಣಿಚೀಲದಿಂದ ಒಂದು ತಗಡು ತೆಗೆದು ಅವಳ ಮುಂದೆ ಹಿಡಿದ. ಸ್ಕೂಟರಿನ ನಂಬರ್ ಪ್ಲೇಟು. ತುಕ್ಕು ತಿಂದು ಅಂಚುಗಳು ಜಾಲರಿಯಾಗಿದ್ದವು. ಕೊನೆಯ ನಾಲ್ಕು ಅಂಕಿಗಳು ಮಾತ್ರ ಉಳಿದಿದ್ದವು.

ಬೆರಳಕ್ಕ ಓದಲಿಲ್ಲ. ಆ ಅಂಕಿಗಳು ಅವಳಿಗೆ ಬಾಯಿಪಾಠವಿದ್ದವು.

ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಸಂಜೆ, ಬ್ರೆಡ್ಡು ತರುತ್ತೇನೆಂದು ಹೇಳಿ ಅವಳ ಗಂಡ ಆ ಸ್ಕೂಟರು ಹತ್ತಿ ಹೋಗಿದ್ದ. ತಿಂಗಳಾದ ಮೇಲೆ ಟೈಪು ಮಾಡಿದ ಕಾಗದ ಬಂದಿತ್ತು, ನನ್ನನ್ನು ಹುಡುಕಬೇಡ ಎಂದು. ಅಳುತ್ತಲೇ ಅವಳು ಆ ಕಾಗದಕ್ಕೆ ಪುಡಿ ಉದುರಿಸಿ ನೋಡಿದ್ದಳು. ಒಂದು ಬೆರಳಿನ ಗುರುತೂ ಇರಲಿಲ್ಲ. ಬೆರಳು ನೋಡುವವಳ ಗಂಡ ಗುರುತೇ ಬಿಡದೆ ಹೋದ ಎಂದು ಆಫೀಸಿನಲ್ಲಿ ಜನ ಆಡಿಕೊಂಡರು. ಅವಳೂ ಹಾಗೇ ನಂಬಿದಳು. ಹೋದವನು ಹೋದ, ಬಿಡು ಪುಟ್ಟಿ, ನಾನಿಲ್ವಾ ಎಂದು ತಲೆ ಸವರಿದವನು ಅಣ್ಣ. ಗಂಡ ಆಗ ಅಣ್ಣನ ಇಲಾಖೆಯಲ್ಲೇ, ಅಣ್ಣನ ಕೈಕೆಳಗೇ ಇದ್ದ.

ಅಂದಿನಿಂದ ಪ್ರತಿದಿನ ಕೆಲಸಕ್ಕೆ ಹೋಗುವಾಗ ಅವಳ ಬಸ್ಸು ಆ ಸರ್ಕಲ್ಲನ್ನು ಸುತ್ತಿ ಹೋಗುತ್ತಿತ್ತು.

"ಅಕ್ಕಾ?" ಎಂದ ವೆಲ್ಡರ್. "ಯಾರದ್ದಕ್ಕಾ ಇದು?"

ಅವಳಿಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಕೈಗಳಿರಲಿಲ್ಲ. ಕಣ್ಣೀರು ಗಲ್ಲದಿಂದ ಇಳಿದು ಪ್ಲಾಸ್ಟರಿನ ಮೇಲೆ ಬಿತ್ತು, ಒರೆಸಲೂ ಆಗಲಿಲ್ಲ.

"ಒಡೀರಿ ಮೇಷ್ಟ್ರೇ" ಎಂದಳು. "ನನ್ನ ಬೆರಳು ಹೋದ್ರೂ ಚಿಂತೆಯಿಲ್ಲ. ಬೇಗ ಒಡೀರಿ."

ಮೇಷ್ಟ್ರು ಒಡೆದರು. ಎರಡು ಏಟಿಗೊಂದು ಏಟು ಹುಸಿಹೋಗುತ್ತಿತ್ತು. ವೆಲ್ಡರ್ ಉಳಿ ಕಿತ್ತುಕೊಂಡು ತಾನೇ ಶುರು ಮಾಡಿದ. ಬಕೆಟ್ಟಿನ ಒಂದು ಪಕ್ಕ ಬಿರುಕು ಬಿಟ್ಟಿತು. ಬಲಗೈ ಹೆಬ್ಬೆರಳಿಗೆ ಗಾಳಿ ತಾಗಿತು.

ಹೊರಗೆ ಕಾರು ನಿಂತ ಸದ್ದಾಯಿತು.

ಮೂವರೂ ಕಲ್ಲಾದರು. ಜಲ್ಲಿಯ ಮೇಲೆ ಬೂಟಿನ ಹೆಜ್ಜೆ, ಆಮೇಲೆ ಷಟರಿನ ಮೇಲೆ ಎರಡು ಮೆದು ತಟ್ಟು.

"ಪುಟ್ಟೀ... ಒಳಗಿದೀಯೇನಮ್ಮಾ?"

ಹುಟ್ಟಿದಂದಿನಿಂದ ಕೇಳಿದ ದನಿ. ಅರ್ಧ ಗಂಟೆಯ ಹಿಂದೆ ಇದೇ ದನಿಗಾಗಿ ಅವಳು ಕಾದಿದ್ದಳು.

ಬೆರಳಕ್ಕ ಬೇಡ ಎಂದು ತಲೆಯಾಡಿಸಿದಳು. ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

"ಆ ವೆಲ್ಡರ್ ಹೆಣ ಸಿಕ್ತು ಕಣೇ" ಎಂದಿತು ದನಿ. "ಕಾಲುವೇಲಿ. ನಾನೇ ಹೋಗಿ ಗುರುತು ಹಿಡಿದು ಬಂದೆ. ಪಾಪ, ಅವನ ತಂಗಿಗೆ ನೀನೇ ಹೇಳಬೇಕು. ಬಾ, ಕರ್ಕೊಂಡು ಹೋಗ್ತೀನಿ."

ವೆಲ್ಡರ್ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಬಾಯಿ ತೆರೆದೇ ಇತ್ತು.

ಆಗ ಫೋನು ಹೊಡೆದುಕೊಂಡಿತು.

ಅವಳ ಕೈಚೀಲದೊಳಗೆ, ಸ್ಟೂಲಿನ ಕಾಲ ಬುಡದಲ್ಲಿ. ಅವಳು ಪಾದದಿಂದ ಚೀಲ ಒತ್ತಿದಳು. ಸದ್ದು ಇನ್ನೂ ಜೋರಾದಂತಾಯಿತು. ವೆಲ್ಡರ್ ಚೀಲಕ್ಕೆ ಕೈ ತೂರಿಸಿ ತಡಕಾಡಿದ. ಅವನು ಹುಡುಕಿ ಒತ್ತುವ ಮೊದಲೇ ಅದು ನಿಂತಿತು. ಹೊರಗಿನವನೇ ನಿಲ್ಲಿಸಿದ್ದ.

ಬೂಟಿನ ಹೆಜ್ಜೆ ಷಟರಿಗೆ ಇನ್ನೂ ಹತ್ತಿರ ಬಂತು.

"ಒಳಗೇ ಇದೀಯಲ್ಲ" ಎಂದ ಅಣ್ಣ. ಕೋಪವಿರಲಿಲ್ಲ ಆ ದನಿಯಲ್ಲಿ. "ಯಾರ‍್ಯಾರಿದೀರಿ?"

"ನಾನು, ಮೇಷ್ಟ್ರು" ಎಂದು ಕೂಗಿದಳು ಬೆರಳಕ್ಕ. "ಇಬ್ರೇ ಅಣ್ಣಾ. ಕೈ ಅಚ್ಚಿನಲ್ಲಿ ಸಿಕ್ಕಿಹಾಕ್ಕೊಂಡಿದೆ. ನೀನು ಹೋಗಿರು, ಆಮೇಲೆ ಬರ್ತೀನಿ."

"ಸುಳ್ಳು ಹೇಳೋಕೆ ನಿಂಗೆ ಯಾವತ್ತೂ ಬರಲ್ಲ ಪುಟ್ಟಿ."

ಷಟರಿನ ಬುಡದಲ್ಲಿ ಕಬ್ಬಿಣ ಉಜ್ಜಿದ ಸದ್ದು. ಬಲಗಡೆಯ ಕೊಂಡಿಯಲ್ಲಿ ಬೀಗ ಕಟಕ್ಕೆಂದಿತು. ಹೆಜ್ಜೆಗಳು ಷಟರಿನ ಉದ್ದಕ್ಕೂ ನಡೆದವು. ಎಡಗಡೆಯ ಕೊಂಡಿಯಲ್ಲಿ ಇನ್ನೊಂದು.

ವೆಲ್ಡರ್ ಓಡಿ ಷಟರಿಗೆ ಭುಜ ಕೊಟ್ಟು ಗುದ್ದಿದ. ತಗಡು ಅಲುಗಿ ಗೋಡೆಯ ಕೈಗಳೆಲ್ಲ ಗಡಗಡನೆ ಅದುರಿದವು. ಬಾಗಿಲು ಬೆರಳಗಲವೂ ಮೇಲೇಳಲಿಲ್ಲ.

"ಸಂಜೆವರೆಗೆ ಸುಮ್ಮನೆ ಕೂತಿರಿ" ಎಂದ ಅಣ್ಣ ಆಚೆಯಿಂದ. "ಸರ್ಕಲ್‌ನಲ್ಲಿ ಯಾರೋ ತೋಡಿದ್ದ ಗುಂಡಿಗೆ ಅವತ್ತು ಬರೀ ಮಣ್ಣು ಎಳೆಸಿದ್ದೆ. ಅದನ್ನ ಗಟ್ಟಿಯಾಗಿ ಮುಚ್ಚಿಸಿ ಬರ್ತೀನಿ."

ಕಾರು ಹೊರಟಿತು. ಅದರ ಹಿಂದೆಯೇ ಬೇರೊಂದು ಸದ್ದು. ದೊಡ್ಡ ಪೀಪಾಯಿಯೊಳಗೆ ಜಲ್ಲಿ ಉರುಳಿಸಿಕೊಂಡು ಹೋಗುವ ಕಾಂಕ್ರೀಟ್ ಲಾರಿ. ಒಂದು ಹೋಯಿತು. ಎರಡನೆಯದು ಹೋಯಿತು. ಮೂರನೆಯದು ಉಗ್ರಾಣದ ಗೋಡೆಗೆ ಒತ್ತಿಕೊಂಡಂತೆ ಹಾದು, ಕ್ರೀಡಾಂಗಣದ ಮುಂಭಾಗದ ಕಡೆಗೆ ತಿರುಗಿತು.

"ಉಳಿ ತಗೋ" ಎಂದಳು ಬೆರಳಕ್ಕ ವೆಲ್ಡರನಿಗೆ. "ಬಾಗಿಲು ಆಮೇಲೆ. ಫೋನು ತೆರೆಯೋದು ನನ್ನ ತೋರುಬೆರಳಿಗೇ. ಮೊದಲು ನನ್ನ ಕೈ ಬಿಡಿಸು."